ಹಸಿರು ಪಿಂಗಾಣಿ

ಒಮ್ಮೆ ನಮ್ಮ ಮನೆಯ ಮೇಲೆ ಸಿಡಿಲು ಬಿತ್ತು. ಬಿದ್ದದ್ದು ನೇರ ನನ್ನ ಹಸಿರು ಪಿಂಗಾಣಿಯ ಮೇಲೆ. ಬಿದ್ದ ಸಿಡಿಲು ಪಿಂಗಾಣಿಯನ್ನೊಮ್ಮೆ ನೋಡಿತು, ನನ್ನನ್ನೊಮ್ಮೆ ನೋಡಿತು, “ತಪ್ಪಾತು ಫಕೀರಪ್ಪಾರ, ನಿಮ್ಮ ಮನಿ ಅಂತ ಗೊತ್ತಿದ್ದಿಲ್ಲ” ಎಂದು ಹೇಳಿ, ಬಂದ ದಾರಿಯಲ್ಲೇ ಮೋಡಕ್ಕೆ ವಾಪಸು ಹೋಯಿತು. ಹೋಗುವಾಗ ಬಾಗಿಲು ಎಳೆದುಕೊಂಡು ಹೋಯಿತು, ಅಷ್ಟು ಮರ್ಯಾದೆ. ಈ ಸಂಗತಿಯನ್ನು ನಾನು ಹೇಳದ ಕಟ್ಟೆ ನಮ್ಮ ಊರಿನಲ್ಲಿಲ್ಲ. ಹೇಳಿದಾಗಲೆಲ್ಲ ಓಣಿಯ ಜನ ತಲೆ ತಗ್ಗಿಸಿ ಸುಮ್ಮನಾಗುತ್ತಿದ್ದರು. ಹೊಟ್ಟೆಕಿಚ್ಚು, ಇನ್ನೇನು.

ನನ್ನ ಹತ್ತಿರ ಪಿಂಗಾಣಿ ಎಷ್ಟಿವೆ ಎಂದು ಕೇಳಬೇಡಿ. ಎಣಿಸಲು ಕೂತ ಇಬ್ಬರು ಎಣಿಸುತ್ತಾ ಎಣಿಸುತ್ತಾ ಮುದುಕರಾಗಿ ಎದ್ದು ಹೋದರು. ಪಿಂಗಾಣಿ ಎಂದರೆ ಊಟದ ತಟ್ಟೆ, ಚಹದ ಬಸಿ ಅಲ್ಲ. ಕಂಬದ ಮೇಲೆ, ತಂತಿಯ ಕೆಳಗೆ, ಬೋರಲು ಹಾಕಿದ ಲೋಟದ ಹಾಗೆ ಕೂತಿರುತ್ತದಲ್ಲ, ಅದು. ಮಣ್ಣು ಸುಟ್ಟು ಮಾಡಿದ್ದಿರಲಿ, ಗಾಜಿನದಿರಲಿ, ನಮ್ಮಲ್ಲಿ ಅದಕ್ಕೆ ಒಂದೇ ಹೆಸರು. ಕಿತ್ತುಹೋದ ರೈಲು ಹಳಿಯ ಪಕ್ಕದ ಕಂಬಗಳು, ಮುಚ್ಚಿದ ಹತ್ತಿ ಗಿರಣಿಯ ಕಂಬಗಳು, ಹಾಳು ಬಂಗಲೆಯ ಹಿತ್ತಲಿನ ಕಂಬಗಳು, ಒಂದನ್ನೂ ನಾನು ಬಿಟ್ಟವನಲ್ಲ. ಹಾಲಿನಂಥ ಬಿಳಿಯದು, ಬೆಲ್ಲದ ಪಾಕದಂಥ ಕಂದು ಬಣ್ಣದ್ದು, ಲಂಗದ ಒಳಗೊಂದು ಲಂಗ ತೊಟ್ಟಂತೆ ಎರಡು ಅಂಚಿನದು, ಕಂಬ ಬಿಗಿಯುವ ತಂತಿಗೆ ಕಟ್ಟುವ ಕೋಳಿಮೊಟ್ಟೆಯ ಆಕಾರದ್ದು. ಇವುಗಳ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಜೇಡ ಸಂಸಾರ ಹೂಡಿರುತ್ತದೆ. ಜೇಡಕ್ಕೆ ನಮಸ್ಕಾರ ಹೇಳಿ, ಬೇರೆ ಮನೆ ತೋರಿಸಿ, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿದರೆ ಎಷ್ಟೋ ಮಳೆಗಾಲಗಳ ಕರೆ ಬಿಟ್ಟು ಒಳಗಿನ ಹೊಳಪು ಏಳುತ್ತದೆ. ನಾನು ತಿಕ್ಕಿದ ಪಿಂಗಾಣಿಯ ಬೆಳಕಿಗೆ ಒಮ್ಮೆ ಒಂದು ಹುಂಜ ನಡುಮಧ್ಯಾಹ್ನ ಬೆಳಗಾಯಿತೆಂದು ಕೂಗಿ ಕೋಳಿಗಳ ಮುಂದೆ ಮಾನ ಕಳೆದುಕೊಂಡಿತು. ನನ್ನ ಕೈ ಖಾಲಿ ಇದ್ದದ್ದನ್ನು ಕಂಡವರಿಲ್ಲ. ನಸುಕಿನಲ್ಲಿ ಎದ್ದರೆ ಮೊದಲು ಕೈಗೊಂದು ಪಿಂಗಾಣಿ, ಆಮೇಲೆ ಮುಖಕ್ಕೆ ನೀರು.

ಇಷ್ಟೊಂದು ಏಕೆ ಕೂಡಿಹಾಕಿದೆ ಎಂದು ಹೊರಗಿನವರು ಕೇಳುತ್ತಾರೆ. ನಮ್ಮ ಊರಿನವರು ಕೇಳುವುದಿಲ್ಲ. ನಮ್ಮ ಊರಿನಲ್ಲಿ ದುಃಖ ತಂತಿಯ ಮೇಲೆ ಹರಿಯುತ್ತದೆ. ಹಾಗೆ ಹರಿಯದ ಊರುಗಳೂ ಇವೆಯಂತೆ. ಅಲ್ಲಿಯವರು ಹೇಗೆ ಬಾಳುತ್ತಾರೋ! ನಮ್ಮಲ್ಲಿ ಓಣಿಗೊಂದು ತಂತಿ, ಮೊದಲ ಮನೆಯಿಂದ ಕೊನೆಯ ಮನೆಯ ತನಕ ಗೋಡೆಯಿಂದ ಗೋಡೆಗೆ. ಅದರ ಮೇಲೆ ಅರಿವೆ ಒಣಗುತ್ತವೆ, ಗುಬ್ಬಿ ಕೂರುತ್ತವೆ. ಪ್ರತಿ ಮನೆಯ ಗೋಡೆಗೆ ಒಂದು ಕಬ್ಬಿಣದ ಗೂಟ, ಗೂಟದ ತಲೆಗೆ ಪಿಂಗಾಣಿ, ಪಿಂಗಾಣಿಯ ಕೊರಳಿಗೆ ತಂತಿ. ಪಿಂಗಾಣಿ ಗಟ್ಟಿಯಿದ್ದರೆ ತಂತಿಯ ಮೇಲಿನದು ಮನೆಯೊಳಗೆ ಇಳಿಯುವುದಿಲ್ಲ, ಮನೆಯೊಳಗಿನದು ತಂತಿಗೆ ಏರುವುದಿಲ್ಲ. ಸೀಳಿದ್ದರೆ ಜಿನುಗುತ್ತದೆ. ಜಿನುಗಿದ ದುಃಖ ಮೊದಲು ಕೈಗೆ ಬರುತ್ತದೆ, ಆಮೇಲೆ ಕಣ್ಣಿಗೆ. ಎಮ್ಮೆ ಸತ್ತವನ ದುಃಖ ಬಂದರೆ ಓಣಿಯವರ ಬೆರಳೆಲ್ಲ ಗಾಳಿಯಲ್ಲಿ ಹಾಲು ಕರೆಯುತ್ತವೆ. ಕುಂಬಾರ ಹೋದಾಗ ಅವನ ಮಗನ ದುಃಖಕ್ಕೆ ಓಣಿಯಲ್ಲಿ ಕಿರಾಣಿ ಅಂಗಡಿಯವನೂ ಹಿಟ್ಟಿನ ಚೀಲದ ಮೇಲೆ ಅಂಗೈ ಇಟ್ಟು ಗಡಿಗೆ ತಿರುವಿದ.

ಯಾರಾದರೂ ತೀರಿಕೊಂಡಾಗ ಮಾತ್ರ ಎಲ್ಲರೂ ತಾವಾಗಿ ಪಿಂಗಾಣಿ ಇಳಿಸುತ್ತಾರೆ. ಗೂಟದಿಂದ ತಿರುವಿ ತೆಗೆದು, ತಂತಿಯನ್ನು ಬರಿ ಕಬ್ಬಿಣಕ್ಕೆ ಸುತ್ತುತ್ತಾರೆ. ಸತ್ತವರ ದಿನಕರ್ಮ ಮುಗಿಯುವ ತನಕ ಮನೆಮನೆಗೂ ಒಂದೊಂದು ಪಾಲು. ಅಷ್ಟು ಪಾಲು ಹೋದ ಮೇಲೆ ಆ ಮನೆಯವರ ಎದೆ ಒಂದಿಷ್ಟು ಹಗುರ. ಸಾವಿನ ಮನೆಯ ಬಾಗಿಲಿಗೆ ಬಂದವರನ್ನು ನಮ್ಮಲ್ಲಿ ಕೇಳುವ ಮೊದಲ ಮಾತೇ, “ಇಳಿಸೀರೇನು?” ಬಂದವರು, “ಇಳಿಸೇವಿ” ಎನ್ನಬೇಕು. ಆಮೇಲೆ ಅಳು, ಆಮೇಲೆ ಚಹ.

ನನ್ನ ಮನೆ ಮಾತ್ರ ಊರಿಗೆಲ್ಲ ಒಣ ಮನೆ. ಹಸಿರು ಪಿಂಗಾಣಿ ಕೂತ ದಿನದಿಂದ ನನ್ನ ಮನೆಯೊಳಗೆ ಒಂದು ಹನಿ ಇಳಿದಿಲ್ಲ, ಒಂದು ಹನಿ ಏರಿಲ್ಲ. ನನ್ನ ಹೆಂಡತಿ ಸುಂದ್ರವ್ವ ಹೋದಾಗ ಓಣಿಯವರೆಲ್ಲ ಪಿಂಗಾಣಿ ಇಳಿಸಿ, ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕಾದು ಕೂತರು. ಬರಲು ಏನಿತ್ತು? “ನನ್ನ ಕಡೆ ಹಂಚುವಂಥಾದ್ದು ಏನೂ ಇಲ್ರಪ್ಪಾ, ಎದ್ದು ನಿಮ್ಮ ಕೆಲಸ ನೋಡ್ರಿ” ಎಂದೆ. ಒಬ್ಬೊಬ್ಬರಾಗಿ ಎದ್ದು ಮತ್ತೆ ಪಿಂಗಾಣಿ ಏರಿಸಿಕೊಂಡರು. ಪಕ್ಕದ ಮನೆಯ ಕಾಶವ್ವ ಎಲ್ಲರಿಗಿಂತ ತಡವಾಗಿ ಏರಿಸಿದಳು. ಅಂಥ ಗಟ್ಟಿ ಗಂಡಸು ನಾನು.

ಹಾಗೆಂದು ಸುಂದ್ರವ್ವ ಸಾಮಾನ್ಯದವಳೆಂದು ತಿಳಿಯಬೇಡಿ. ಅವಳ ರೊಟ್ಟಿಯ ಆಚೆಯಿಂದ ಪತ್ರಿಕೆ ಓದಬಹುದಿತ್ತು, ಅಷ್ಟು ತೆಳು. ಅವಳು ನಸುಕಿನಲ್ಲಿ ರೊಟ್ಟಿ ಬಡಿಯಲು ಕೂತಳೆಂದರೆ ಮೂರು ಬಡಿತ, ಮತ್ತೆ ಮೂರು ಬಡಿತ, ರೈಲಿನ ಗಾಲಿಯ ಹಾಗೆ. ಆ ಸಪ್ಪಳಕ್ಕೆ ಸ್ಟೇಷನ್ ಮಾಸ್ತರು ಗಾಡಿ ಬಂತೆಂದು ಎದ್ದು ಹಸಿರು ನಿಶಾನೆ ತೋರಿಸಿಬಿಡುತ್ತಿದ್ದ.

ನನಗೆ ಈ ಊರಿನಲ್ಲಿ ಎದುರಾಡುವವನು ಒಬ್ಬನೇ, ದಾವಲಸಾಬ. ತಂತಿ ಕಂಬ ಹತ್ತಿ ಹತ್ತಿ ಕಾಲು ಬಿಲ್ಲಾಗಿ ನೌಕರಿ ಬಿಟ್ಟವನು. ಓಣಿಯ ತಂತಿಯ ಉಸ್ತುವಾರಿ ಈಗಲೂ ಅವನದೇ. ಅವನಿಗೆ ಪಿಂಗಾಣಿಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುವ ಚಾಳಿ. ಗಟ್ಟಿಯದು ‘ಠಣ್’ ಎನ್ನುತ್ತದೆ, ಸೀಳಿದ್ದು ‘ಠಸ್’ ಎನ್ನುತ್ತದೆ. ನನ್ನ ಮಾತು ಕೇಳಿದಾಗಲೆಲ್ಲ ಅವನು ನನ್ನ ನೆತ್ತಿಯನ್ನೂ ಹಾಗೇ ಬಡಿದು, “ಠಸ್” ಎನ್ನುತ್ತಿದ್ದ. “ಲೇ ಫಕೀರ್ಯಾ, ನೀ ಸತ್ತ ಮ್ಯಾಲೆ ನಿನ್ನ ಕುಣಿ ಮ್ಯಾಲೂ ಒಂದು ಪಿಂಗಾಣಿ ಕುಂದ್ರಸಬೇಕು ನೋಡು.”

“ಯಾಕಪ್ಪಾ ಸಾಬಾ?”

“ಇಲ್ಲಂದ್ರ ನಿನ್ನ ಸುಳ್ಳೆಲ್ಲಾ ಮಣ್ಣಾಗ ಇಳದು ಬೇರೆ ಹೆಣಾ ಎದ್ದು ಕುಂದ್ರತಾವು.”

ಆದರೆ ಸಿಡಿಲಿನ ಸಂಗತಿ ಹೇಳುವಾಗ ಮಾತ್ರ ದಾವಲಸಾಬ ಎಂದೂ ನೆತ್ತಿ ಬಡಿಯಲಿಲ್ಲ. ಬೀಡಿ ಹಚ್ಚಿಕೊಂಡು ಬೇರೆ ಕಡೆ ನೋಡುತ್ತಿದ್ದ.

ಇಂಥ ನಮ್ಮ ಓಣಿಯಲ್ಲಿ ಕಾಶವ್ವನ ಮಗಳು ಬಸಲಿಂಗಿ ಜ್ವರ ಬಂದು ತೀರಿಕೊಂಡಳು. ಕಾಶವ್ವನದು ಓಣಿಯ ಕೊನೆಯ ಮನೆ, ಅದಕ್ಕೆ ಅಂಟಿದ್ದು ನನ್ನದು. ಗಂಡ ಮೊದಲೇ ಹೋಗಿದ್ದ, ಇದ್ದವಳು ಈ ಒಬ್ಬಳೇ ಮಗಳು. ಮೊಣಕಾಲಿನ ತನಕ ಜಡೆ, ಮಾತಿಗೆ ಮುಂಚೆ ನಗು. ದಿನಾ ಸಂಜೆ ಬಾಗಿಲ ಮುಂದೆ ಕೂತು ತಾಯಿ ಜಡೆ ಹಾಕುವಳು, ಮಗಳು “ಯವ್ವಾ, ಹಿಂಗ ಜಗ್ಗಿದ್ರ ತಲೀನ ಕೈಗೆ ಬರ್ತೈತಿ” ಎಂದು ಓಣಿಗೆಲ್ಲ ಕೇಳುವಂತೆ ಒದರುವಳು. ಅವಳು ಹೋದ ದಿನ ಎಲ್ಲರೂ ಪಿಂಗಾಣಿ ಇಳಿಸಿದರು. ನಾನು ಇಳಿಸಲಿಲ್ಲ. ನನ್ನದು ಒಣ ಮನೆ, ಇಳಿಸಿದರೆ ಹೆಸರು ಕೆಡುತ್ತದೆ. ಓಣಿಯ ಕೈಗಳೆಲ್ಲ ಗಾಳಿಯಲ್ಲಿ ಜಡೆ ಹಾಕಿದವು. ದಿನಕರ್ಮ ಮುಗಿದ ಮೇಲೆ ಪದ್ಧತಿಯಂತೆ ಪಿಂಗಾಣಿ ಏರಿದವು.

ಏರಿದರೂ ಜಡೆ ನಿಲ್ಲಲಿಲ್ಲ. ಕಾಶವ್ವನ ಗೋಡೆಯ ಬಿಳಿ ಪಿಂಗಾಣಿ ಆ ರಭಸಕ್ಕೆ ಬುಡದಿಂದ ತಲೆಯ ತನಕ ಸೀಳಿತು. ಬೇರೆ ಹಾಕಿದರು, ಅದೂ ಸೀಳಿತು. ಅವಳ ದುಃಖ ತಂತಿ ಹಿಡಿದು ಹೋಗಿ, ಓಣಿಯ ಮುದಿ ಪಿಂಗಾಣಿಗಳ ಸಂದಿಯಿಂದ ಮನೆಮನೆಗೆ ಜಿನುಗಿತು. ಕಿರಾಣಿ ಅಂಗಡಿಯವನು ಪೊಟ್ಟಣ ಕಟ್ಟುವ ದಾರ ಜಡೆಯಾಯಿತು. ಎತ್ತಿನ ಬಾಲಗಳು ಜಡೆಯಾದವು. ದಾವಲಸಾಬ ಮಸೀದಿಗೆ ಹೊರಟಾಗ ಅವನ ಗಡ್ಡ ಮೂರು ಎಳೆಯ ಜಡೆಯಾಗಿತ್ತು. ಬಿಚ್ಚಿಕೊಂಡು ಹೋದರೆ ಬರುವಷ್ಟರಲ್ಲಿ ಮತ್ತೆ ಜಡೆ. ಮೊದಮೊದಲು ನಕ್ಕರು. ಸುಗ್ಗಿ ಬಂತು, ಹೋಯಿತು. ಯಾರಿಗೂ ನಗು ಬರದಾಯಿತು. ಹೆಂಗಸರು ಮಕ್ಕಳ ತಲೆ ಬಾಚಲು ಕೂತರೆ ಕಣ್ಣೀರು ಸುರಿದು, ಅದು ಯಾರ ಕಣ್ಣೀರೆಂದು ತಿಳಿಯದೆ ಮಕ್ಕಳೂ ಅಳುತ್ತಿದ್ದವು.

ಒಂದು ದಿನ ಇಳಿಹೊತ್ತಿನಲ್ಲಿ ಓಣಿಯ ಕಟ್ಟೆಯ ಮೇಲೆ ಎಲ್ಲರೂ ಸೇರಿದರು. ಸೇರಿಸಿದವನು ಟೇಲರ್ ಯಂಕಪ್ಪ. ಕಂಕುಳಲ್ಲಿದ್ದ ಗಂಟು ಬಿಚ್ಚಿ ನನ್ನ ಮುಂದೆ ಒಂದು ಕೆಂಪು ಕುಪ್ಪಸ ಹರವಿದ. ಬೆನ್ನಿನ ಕಸೆಗಳೆರಡೂ ಬಿಗಿದ ಜಡೆಯಾಗಿದ್ದವು.

“ನೋಡ್ರಿ ಕಾಕಾ, ನೀವೇ ನೋಡ್ರಿ. ಮದಿವಿ ಕುಪ್ಪಸ ಇದು. ಹೊಲಿಯಾಕ ಕುಂತ್ರ ಬೆರಳು ಜಡಿ ಹಾಕತಾವು. ಮದುಮಗಳು ಉಟಗೊಂಡು ಅಳಕೋತ ಕುಂತ್ರ ಯಾರು ಜವಾಬ್ದಾರಿ? ನನಗೂ ಕಾಶವ್ವನ ಮ್ಯಾಲೆ ಮರುಕ ಐತಿ. ಆದರ ಎಷ್ಟು ದಿನಾ? ಕಡೀಮನಿ ತಂತಿ ಕಡದುಬಿಡೂಣು.”

ತಂತಿ ಕಡಿದ ಮನೆ ಎಂದರೆ ನಮ್ಮಲ್ಲಿ ಇದ್ದೂ ಇಲ್ಲದ ಮನೆ. ಆ ಮನೆಯ ಸಾವಿಗೆ ಯಾರೂ ಪಿಂಗಾಣಿ ಇಳಿಸುವುದಿಲ್ಲ, ಉಳಿದವರ ಸಾವಿನಲ್ಲಿ ಅದಕ್ಕೆ ಪಾಲಿಲ್ಲ. ಆ ಮನೆಯವರು ಬಾಗಿಲಿಗೆ ಬಂದರೆ “ಇಳಿಸೀರೇನು?” ಎಂದು ಕೇಳುವವರಿಲ್ಲ. ಕಾಶವ್ವ ತನ್ನ ಬಾಗಿಲ ಚೌಕಟ್ಟು ಹಿಡಿದು ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅಲ್ಲಿಂದಲೇ ಹೇಳಿದಳು.

“ಕಡೀರಪ್ಪಾ, ಕಡೀರಿ. ನಾನೂ ನಿಂದ್ರಸಾಕ ನೋಡೇನಿ, ನಿಂದ್ರವಲ್ದು. ನನ್ನದು ನನಗಿರ್ಲಿ.” ಹೇಳುವಾಗಲೂ ಅವಳ ಒಂದು ಕೈ ಸೊಂಟದ ಹತ್ತಿರ, ಗಾಳಿಯಲ್ಲಿ, ಮೂರು ಎಳೆ ತೆಗೆದುಕೊಂಡು ಹೆಣೆಯುತ್ತಿತ್ತು.

ದಾವಲಸಾಬ ಎದ್ದ. “ಕಡಿಯೂದು ಬ್ಯಾಡ. ಒಂದು ಗಟ್ಟಿ ಪಿಂಗಾಣಿ ಆಕಿ ಗೂಟಕ್ಕ ಕುಂತ್ರ ಓಣಿ ಒಣಗತೈತಿ, ತಂತೀನೂ ಉಳಿತೈತಿ. ನಾಳೆ ಯಾರಾರ ಹ್ವಾದಾಗ ಆಕಿನೂ ಇಳಿಸಿ ಪಾಲು ತಗೋತಾಳ. ಏ ಫಕೀರ್ಯಾ, ನಿನ್ನ ಲಕ್ಷ ಪಿಂಗಾಣಿಯೊಳಗ ಒಂದು ಕೊಡು.”

ಇಷ್ಟು ಜನರ ಮುಂದೆ ನನ್ನ ನಾಲಿಗೆ ಹಿಂದೆ ಸರಿದ ಉದಾಹರಣೆಯಿಲ್ಲ. “ಒಂದು ಯಾಕ? ಹತ್ತು ತಗೋ. ನನ್ನ ಪಿಂಗಾಣಿ ಕುಂದ್ರಸಿದ್ರ ಆಕಿ ದುಃಖ ಏನು, ಸಮುದ್ರಾನ ಬಂದ್ರೂ ಹೊಚ್ಚಲಾ ದಾಟಂಗಿಲ್ಲ” ಎಂದುಬಿಟ್ಟೆ.

ದಾವಲಸಾಬ ನನ್ನ ಹಿಂದೆಯೇ ಮನೆಗೆ ಬಂದ. ಸುಂದ್ರವ್ವ ಇದ್ದಾಗ ಕಾಳುಕಡಿ ಡಬ್ಬಿಗಳಿದ್ದ ಗೂಡುಗಳಲ್ಲಿ ಈಗ ಪಿಂಗಾಣಿಗಳ ಸಾಲು. ಅವನು ಒಂದೊಂದನ್ನೇ ಕೈಗೆತ್ತಿಕೊಂಡು ಬಡಿಯುತ್ತ ಹೋದ. ಠಸ್. ಠಸ್. ಠಸ್. ಎರಡು ಲಂಗದ್ದು, ಠಸ್. ಬೆಲ್ಲದ ಬಣ್ಣದ್ದು, ಠಸ್. ಹುಂಜವನ್ನು ಕೂಗಿಸಿದ್ದು, ಠಸ್. ಬೀಳುವ ಕಂಬದಿಂದ ಬಂದ ಪಿಂಗಾಣಿ ಗಟ್ಟಿಯಿರುವುದು ಹೇಗೆ? ಗೂಡುಗಳು ಮುಗಿದವು. ಲಕ್ಷ ಎಂದರೆ ಅಷ್ಟೇನೂ ಹೊತ್ತು ಹಿಡಿಯಲಿಲ್ಲ. ಕೊನೆಗೆ ಅವನು ಹೊರಗೆ ಬಂದು ಗೋಡೆಯ ಮೇಲಿನ ಹಸಿರು ಪಿಂಗಾಣಿಯನ್ನು ಕತ್ತೆತ್ತಿ ನೋಡಿದ. ಬಡಿಯಲಿಲ್ಲ. ಸಂಜೆ ಬಿಸಿಲು ಅದರೊಳಗೆ ಇಳಿದು, ಒಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಯೊಂದು ಮಿನುಗುತ್ತಿತ್ತು.

“ಇದು ಬ್ಯಾಡ ಬಿಡೋ” ಎಂದ ದಾವಲಸಾಬ, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ. “ನಾನು ಎಲ್ಲ್ಯರ ಬ್ಯಾರೆ ಊರಾಗ ಹುಡುಕತೀನಿ.”

“ಹುಡುಕೂತನ ಯಂಕ್ಯಾ ಸುಮ್ಮನಿರತಾನೇನು?”

“ಇರಂಗಿಲ್ಲ. ನಾಳೆ ಮುಂಜಾನೆ ಇಕ್ಕಳ ತರತೇನಿ ಅಂದಾನ.”

ಆ ಹಸಿರು ಪಿಂಗಾಣಿ ನನಗೆ ಹೇಗೆ ಸಿಕ್ಕಿತೆಂದು ಕೇಳಿದವರಿಗೆ ನಾನು ಒಬ್ಬೊಬ್ಬರಿಗೆ ಒಂದೊಂದು ಹೇಳಿದ್ದೇನೆ. ಒಬ್ಬ ನವಾಬ ಪಗಡೆಯಲ್ಲಿ ಸೋತು ಕೊಟ್ಟನೆಂದು ಒಬ್ಬರಿಗೆ, ಹೊಳೆಯಲ್ಲಿ ಈಜುವಾಗ ಮೊಸಳೆಯ ಬಾಯಿಯಿಂದ ಕಿತ್ತುಕೊಂಡೆನೆಂದು ಇನ್ನೊಬ್ಬರಿಗೆ. ಅದನ್ನು ಕೊಡಲು ಯಾರೂ ನನಗೆ ಒತ್ತಾಯ ಮಾಡಲಿಲ್ಲ. ದಾವಲಸಾಬ ಹೋದ ಮೇಲೆ ನಾನು ನೀರು ಸೇದುವ ನೆವದಲ್ಲಿ ಹಿತ್ತಲಿಗೆ ಹೋದೆ. ಗೋಡೆಯ ಆಚೆ ಕಾಶವ್ವ ಕಲ್ಲಿನ ಮೇಲೆ ಕೂತಿದ್ದಳು. ಮುಂದೆ ಯಾರೂ ಇಲ್ಲ. ಎರಡೂ ಕೈ ಎತ್ತಿ, ಇಲ್ಲದ ತಲೆಯೊಂದರ ಬೈತಲೆ ತೆಗೆದು, ಎಣ್ಣೆ ಸವರಿ, ಜಗ್ಗಿದರೆ ನೋವಾದೀತೆಂದು ಮೆಲ್ಲಗೆ, ಬಹಳ ಮೆಲ್ಲಗೆ ಹೆಣೆಯುತ್ತಿದ್ದಳು. ಮಗಳಿದ್ದಾಗ ಅವಳು ಅಷ್ಟು ಮೆಲ್ಲಗೆ ಹೆಣೆದದ್ದನ್ನು ನಾನು ಕಂಡಿರಲಿಲ್ಲ.

ಹಸಿರು ಗಾಜಿನ ಹಿಂದಿನ ಮನೆ ಹೇಗಿರುತ್ತದೆಂದು ಓಣಿಯಲ್ಲಿ ಬಲ್ಲವನು ನಾನೊಬ್ಬನೇ. ಅಲ್ಲಿಗೆ ಅವಳನ್ನು ಕಳಿಸುವುದು ಒಳ್ಳೆಯದೆಂದು ನನಗೆ ಅನ್ನಿಸಲಿಲ್ಲ. ಆದರೆ ಕಡಿದ ತಂತಿಯನ್ನು ಮತ್ತೆ ಕಟ್ಟಿದವರನ್ನು ನಾನು ಕಂಡಿಲ್ಲ, ಪಿಂಗಾಣಿಯಾದರೆ ಎಂದಾದರೂ ಇಳಿಸಬಹುದು. ಏಣಿ ಹಾಕಿ ಹತ್ತಿದೆ. ತಿರುವಿದರೆ ಬರಲಿಲ್ಲ. ಗೂಟವೂ ಗಾಜೂ ಕಚ್ಚಿಕೊಂಡಿದ್ದವು. ಎಣ್ಣೆ ಬಿಟ್ಟು, ಹೆಗಲ ಸೆಲ್ಲೆ ಸುತ್ತಿ ತಿರುವಿದಾಗ ಕೀಚೆಂದು ಸಣ್ಣಗೆ ಕೂಗಿ ಕೈಗೆ ಬಂತು. ಅದರ ಜಾಗಕ್ಕೆ ಒಂದು ಕಂದು ಬಣ್ಣದ ಠಸ್ ಅನ್ನು ಕೂರಿಸಿ, ಕೆಳಗೆ ನಿಂತು ನೋಡುತ್ತಿದ್ದ ಯಂಕಪ್ಪನಿಗೆ ಕೇಳುವಂತೆ, “ಒಣ ಮನಿಗೆ ಇದು ಆದ್ರೇನು, ಕುಂಬಳಕಾಯಿ ಕುಂದ್ರಸಿದ್ರೇನು” ಎಂದೆ. ಹೇಳಿ ಕಳಿಸಿದೆ, ದಾವಲಸಾಬ ಬಂದು ಹಸಿರನ್ನು ಕಾಶವ್ವನ ಗೂಟಕ್ಕೆ ತಿರುವಿದ. ಕತ್ತಲಾಗುವ ಮುಂಚೆಯೇ ಓಣಿಯ ಬೆರಳುಗಳು ನಿಂತವು. ಕಾಶವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಉಂಡು ಮಲಗಿದೆ. ಉಂಡೆ ಎಂಬುದು ಒಂದು ಮಾತಿಗೆ.

ಬೆಳಗ್ಗೆ ನನ್ನನ್ನು ಎಬ್ಬಿಸಿದ್ದು ಒಂದು ಸಪ್ಪಳ. ತಟ್, ತಟ್. ಒಂದಿಷ್ಟು ತಡೆದು, ತಟ್. ಮತ್ತೆ, ತಟ್, ತಟ್. ತಡೆದು, ತಟ್. ರೊಟ್ಟಿಯ ಸಪ್ಪಳವೇ, ಆದರೆ ಒಂದು ಮನೆಯದಲ್ಲ. ಓಣಿಯ ಮೊದಲ ಮನೆಯಿಂದ ಹಿಡಿದು ನನ್ನ ಮನೆಗೆ ಬರುವ ತನಕದ ಎಲ್ಲ ಮನೆಯಿಂದಲೂ, ಒಂದೇ ಕೈ ಎಲ್ಲ ಹಲಗೆಗಳ ಮೇಲೆ ಬಡಿದಂತೆ. ಮೊದಲು ನನಗೆ ತಿಳಿಯಲಿಲ್ಲ. ಯಾರದೋ ಮದುವೆಗೆ ರೊಟ್ಟಿ ಬಡಿಯುತ್ತಿದ್ದಾರೆ ಅಂದುಕೊಂಡೆ. ಬಾಗಿಲು ತೆರೆದು ನೋಡಿದರೆ ಟೇಲರ್ ಯಂಕಪ್ಪ, ಹುಟ್ಟಿದಾಗಿನಿಂದ ಹಿಟ್ಟು ಮುಟ್ಟದವನು, ಹೊಲಿಗೆ ಯಂತ್ರದ ಮುಂದೆ ಕೂತು ಕೆಂಪು ಕುಪ್ಪಸದ ಮೇಲೆ ಅಂಗೈಯಿಂದ ಬಡಿಯುತ್ತಿದ್ದಾನೆ. ದಾವಲಸಾಬ ತನ್ನ ಬಿಲ್ಲುಗಾಲಿನ ಮೊಣಕಾಲ ಚಿಪ್ಪನ್ನು ಬಡಿಯುತ್ತಿದ್ದಾನೆ. ಹೆಂಗಸರು ನಿಜವಾದ ರೊಟ್ಟಿಯನ್ನೇ ಬಡಿಯುತ್ತಿದ್ದಾರೆ. ಎಲ್ಲರ ಮುಖವೂ ಒದ್ದೆ.

ಕಾಶವ್ವ ಬಂದಳು. ಅವಳ ಮನೆಯೊಂದರಿಂದಲೇ ಸಪ್ಪಳ ಬಂದಿರಲಿಲ್ಲ. ಗಾಜಿನ ಹಿಂದೆ ಕೂತವಳ ಕೈಗೆ ಏನೂ ಇಳಿದಿರಲಿಲ್ಲ, ಕಿವಿಗೆ ಮಾತ್ರ ಕೇಳಿತ್ತು. ಕೇಳಿ, ಗೂಟದಿಂದ ಹಸಿರು ಪಿಂಗಾಣಿಯನ್ನು ತಾನೇ ತಿರುವಿ ತೆಗೆದು ಸೆರಗಿನಲ್ಲಿ ಹಿಡಿದು ಬಂದಿದ್ದಳು. ಹಿಂದೆ ಯಂಕಪ್ಪ, ದಾವಲಸಾಬ, ಅವರ ಹಿಂದೆ ಓಣಿ.

“ಫಕೀರಣ್ಣಾ” ಎಂದಳು. “ಇದು ಯಾರ ರೊಟ್ಟಿ?”

“ಯಾರದ್ಯಾಕ ಆಗವಲ್ದು. ನಿನ್ನ ದುಃಖಾನ ಇರಬೇಕು, ರಾತ್ರ್ಯಾಗ ರೂಪ ಬದಲ್ ಮಾಡೇತಿ” ಎಂದೆ.

“ನನ್ನ ದುಃಖ ನನ್ನ ಕೈಯಾಗ ಐತಿ, ನೋಡಿಲ್ಲಿ” ಎಂದು ಹೆಣೆಯುತ್ತಿದ್ದ ಬೆರಳುಗಳನ್ನು ನನ್ನ ಮೂಗಿನ ಮುಂದೆ ಹಿಡಿದಳು. “ಇದು ಸುಂದ್ರಕ್ಕನ ರೊಟ್ಟಿ. ನಡುವಿನ ಗ್ವಾಡಿ ಬಿಟ್ರ ಆಕಿಗೂ ನನಗೂ ಅಂತರ ಏನಿತ್ತು? ದಿನಾ ನಸಕಿನ್ಯಾಗ ಆಕಿ ಸಪ್ಪಳ ಕೇಳೇ ನಾನು ಒಲಿ ಹಚ್ಚತಿದ್ನಿ. ಎಷ್ಟು ವರ್ಷ ಆತು ಇದನ್ನ ಕೇಳಿ!”

“ಆಕೀದು ಹಿಂಗ ಇದ್ದಿಲ್ಲ” ಎಂದೆ ನಾನು. “ಆಕೀದು ಮೂರು, ಮತ್ತ ಮೂರು. ರೈಲಿನ ಗಾಲಿ ಇದ್ದಂಗ. ನನಗ ಗೊತ್ತಿಲ್ಲೇನು, ನಾನು ಗಂಡ.”

ಕಾಶವ್ವ ನನ್ನನ್ನೇ ನೋಡಿದಳು. ಸಿಟ್ಟಿನಿಂದ ಬಂದವಳ ಮುಖದಲ್ಲಿ ಸಿಟ್ಟು ಇಳಿದುಹೋಗಿದ್ದನ್ನು ಕಂಡೆ. “ಮೂರಲ್ಲೋ ನನ್ನಪ್ಪಾ” ಎಂದಳು. “ಎರಡು. ಆಮ್ಯಾಲೆ ರೊಟ್ಟಿ ತಿರುವಾಕ ಒಂಚೂರು ತಡೀತಿದ್ಲು. ಆಮ್ಯಾಲೆ ಒಂದು. ಮರ್ತೀಯೇನು?”

ಕೈ ನೋಡಿಕೊಂಡೆ. ಓಣಿಯ ಕೈಗಳೆಲ್ಲ ಬಡಿಯುತ್ತಿದ್ದವು, ನನ್ನವು ಸುಮ್ಮನೆ ಜೋತುಬಿದ್ದಿದ್ದವು. ನಸುಕಿನಲ್ಲಿ ಎದ್ದು ಅವು ಬಡಿಯಲು ಹೊರಟಾಗಲೆಲ್ಲ ನಾನು ಅವಕ್ಕೊಂದು ಪಿಂಗಾಣಿ ಕೊಟ್ಟು, ಹುಣಸೆಹಣ್ಣು ಬೂದಿ ಕೊಟ್ಟು, ತಿಕ್ಕಿರೆಂದು ಕೂರಿಸಿದ್ದೆ. ವರ್ಷಗಟ್ಟಲೆ ತಿಕ್ಕಿ ತಿಕ್ಕಿ ಅವು ಮರೆತಿದ್ದವು. ಮನೆಯೊಳಗೆ ಎಲ್ಲವನ್ನೂ ಕೂಡಿಹಾಕಿದ್ದೆ, ಕೈಗೆ ಮಾತ್ರ ಮುಟ್ಟಗೊಟ್ಟಿರಲಿಲ್ಲ.

“ಆಕಿ ಹ್ವಾದಾಗ ನಾವೆಲ್ಲಾ ಇಳಿಸಿ ಕುಂತಿದ್ವಿ” ಎಂದಳು ಕಾಶವ್ವ. “ನೀ ಏನೂ ಇಲ್ಲ ಅಂದಿ. ನಾ ಅನಕೊಂಡೆ, ಗಂಡಸು, ಎದಿ ಕಲ್ಲಾಗೇತಿ ಅಂತ. ಕಲ್ಲಲ್ಲ, ನೀ ಜಿಪುಣ. ಆಕಿ ನಿನಗಷ್ಟ ಸತ್ತಿದ್ಲೇನು? ನನಗ ಸತ್ತಿರಲಿಲ್ಲೇನು?”

ಯಂಕಪ್ಪ ಓಣಿಯ ಕಡೆ ಬೆರಳು ತೋರಿಸಿದ. ನೋಡಿದರೆ ನನ್ನದೊಂದು ಬಿಟ್ಟು ಯಾವ ಗೋಡೆಯ ಮೇಲೂ ಪಿಂಗಾಣಿ ಇರಲಿಲ್ಲ. ಉಳಿದ ಮನೆಗಳ ತಂತಿಯೆಲ್ಲ ಬರಿ ಕಬ್ಬಿಣಕ್ಕೆ ಸುತ್ತಿತ್ತು. “ಸುಂದ್ರಕ್ಕ ಅಂತ ಗೊತ್ತಾದ ಕೂಡ್ಲೇ ಇಳಿಸಿದ್ವಿ ಕಾಕಾ” ಎಂದ ಅವನು. “ನಮ್ಮವ್ವ ಆಕಿ ರೊಟ್ಟಿ ತಿಂದಾಕಿ. ಇಕ್ಕಳ ಮನ್ಯಾಗ ಇಟ್ಟು ಬಂದೇನ್ರಿ.” ಹಾಗೆ ಹೇಳುತ್ತಿರುವಾಗ ಅವನ ಕೈ ಎರಡು ಬಡಿದು, ತಡೆದು, ಒಂದು ಬಡಿಯಿತು. ಆಮೇಲೆ ಬೆರಳುಗಳು ತಾವಾಗಿ ಮೂರು ಎಳೆ ತೆಗೆದುಕೊಂಡವು. ಅವನು ಕಾಶವ್ವನ ಕಡೆ ನೋಡಿ ಹಾಗೇ ಹೆಣೆಯಗೊಟ್ಟ.

ದಾವಲಸಾಬ ನನ್ನ ಪಕ್ಕಕ್ಕೆ ಬಂದು ಹೊಸ್ತಿಲ ಮೇಲೆ ಕುಕ್ಕರಿಸಿದ. ಬೀಡಿ ತೆಗೆದ, ಹಚ್ಚಲಿಲ್ಲ. ಕೈಯೆತ್ತಿ, ನನ್ನ ನೆತ್ತಿಯನ್ನು ಗೆಣ್ಣಿನಿಂದ ಮೆಲ್ಲಗೆ ಒಮ್ಮೆ ಬಡಿದ. ಠಸ್ ಎನ್ನಲಿಲ್ಲ. “ಆ ಸಿಡ್ಲಿನ ಕತಿ ಹೇಳು ಫಕೀರ್ಯಾ” ಎಂದ. “ಎಲ್ಲಾರೂ ಅದಾರ. ಈ ಸಲ ಖರೇ ಹೇಳು.”

ಕಾಶವ್ವ ಹಸಿರು ಪಿಂಗಾಣಿಯನ್ನು ನನ್ನ ಕೈಯಲ್ಲಿಟ್ಟಳು. ನಾನು ರೂಢಿಯಂತೆ ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ಒಮ್ಮೆ ನಮ್ಮ ಮನೆಯ ಮೇಲೆ ಸಿಡಿಲು ಬಿತ್ತು ಎಂದೆ. ಮುಂದಿನದು ಬರಲಿಲ್ಲ. ಬಂದದ್ದು ಬೇರೆ.

ತವರಿನಿಂದ ಬರುವಾಗ ಗಾಡಿಯ ಕಿಟಕಿಯಿಂದ ಸುಂದ್ರವ್ವ ಇದನ್ನು ಕಂಡಳು. ಹೊಳೆಯಾಚೆ, ಹಳೇ ಕಂಬವೊಂದರ ಮೇಲೆ. “ನೋಡ್ರಿ, ಹಸರು ಬಳಿ ಕರಗಿಸಿ ಮಾಡಿದಂಗ ಐತಿ. ನನಗ ತಂದುಕೊಡ್ರಿ” ಎಂದಳು. ಅದಕ್ಕೆ ಮುಂಚೆ ನನಗೆ ಪಿಂಗಾಣಿಯ ಗೀಳೇ ಇರಲಿಲ್ಲ. ನವಾಬ ಇಲ್ಲ, ಮೊಸಳೆ ಇಲ್ಲ. ಮರುದಿನ ನಡೆದುಕೊಂಡು ಹೋದೆ, ಕಂಬ ಹತ್ತಿದೆ, ಕೊಳೆ ಮೆತ್ತಿದ್ದ ಇದನ್ನು ಹೊಳೆಯಲ್ಲಿ ತೊಳೆದು ಸೆಲ್ಲೆಯಲ್ಲಿ ಕಟ್ಟಿಕೊಂಡು ಬಂದೆ. ದಾರಿಯಲ್ಲಿ ಮೋಡ ಕವಿಯಿತು. ಅವಳಿಗೆ ಏನೆಂದು ಹೇಳಿ ಕೊಡಲಿ, ನವಾಬನ ಕತೆ ಕಟ್ಟಲೋ, ಮೊಸಳೆಯ ಕತೆ ಕಟ್ಟಲೋ, ಯಾವುದಕ್ಕೆ ಹೆಚ್ಚು ನಗುತ್ತಾಳೆ ಎಂದು ದಾರಿಯುದ್ದಕ್ಕೂ ಯೋಚನೆ ಮಾಡುತ್ತಾ ಬಂದೆ. ಬರುವಷ್ಟರಲ್ಲಿ ಓಣಿಯವರೆಲ್ಲ ನನ್ನ ಮನೆಯ ಮುಂದೆ ನಿಂತಿದ್ದರು. ಅವಳ ಕೈಗೆ ಕೊಡಬೇಕೆಂದಿದ್ದನ್ನು ಅಂದೇ ಗೋಡೆಯ ಗೂಟಕ್ಕೆ ತಿರುವಿದೆ.

ಸಿಡಿಲು ಬಿದ್ದದ್ದು ಖರೆ. ಪಿಂಗಾಣಿಯ ಮೇಲಲ್ಲ. ಮಳೆ ಬಂತೆಂದು ಅರಿವೆ ತೆಗೆಯಲು ಮಾಳಿಗೆ ಹತ್ತಿದ್ದ ಅವಳ ಮೇಲೆ. ಅದು ಯಾರಿಗೂ ತಪ್ಪಾಯಿತೆಂದು ಹೇಳಲಿಲ್ಲ. ವಾಪಸು ಹೋಗಲಿಲ್ಲ.